ಉಕುಲೇಲೆಯೂ ಏಕತಾರಿಯೂ

‘ಉಕುಲೇಲೆ’ ಎಂಬ ಹೆಸರನ್ನು ಕೇಳದ ವಿದ್ಯಾರ್ಥಿಗಳು ಈಗ ನಮ್ಮ ಕಾಲೇಜಿನಲ್ಲಿ ವಿರಳ. ಕಂಡವರಂತೂ ಅದನ್ನು ‘ಸಣ್ಣ ಗಿಟಾರು’ ಎಂದು ಕರೆದು ಸುಮ್ಮನಾಗುತ್ತಾರೆ. ಅದು ಗಿಟಾರಿನ ಮರಿಯಲ್ಲ. ಅದಕ್ಕೆ ತನ್ನದೇ ಆದ ಊರುಂಟು, ಇತಿಹಾಸವುಂಟು, ದನಿಯುಂಟು. ಆ ವಾದ್ಯ ಇತ್ತೀಚೆಗೆ ತಳೆದಿರುವ ಹೊಸ ಹೊಸ ರೂಪಗಳನ್ನೂ, ಆ ರೂಪಗಳು ಬೆಳಕಿಗೆ ಬರುವ ವಾದ್ಯವ್ಯಾಪಾರದ ಮೇಳವನ್ನೂ ಕುರಿತು ನಾಲ್ಕು ಮಾತು ಹೇಳಿ, ಅಲ್ಲಿಂದ ನಮ್ಮ ಸುರಪುರ ಸೀಮೆಯ ಏಕತಾರಿಯ ಕಡೆಗೆ ವಾಚಕರನ್ನು ಕರೆತರಬೇಕೆಂಬುದು ನನ್ನ ಆಶೆ. ಎಲ್ಲಿಯ ಹವಾಯಿ, ಎಲ್ಲಿಯ ಕೊಡೇಕಲ್ ಎಂದು ನಗುವವರು ಸ್ವಲ್ಪ ತಾಳಬೇಕು.

1879ನೆಯ ಇಸವಿಯ ಆಗಸ್ಟಿನಲ್ಲಿ ‘ರೇವನ್ಸ್‌ಕ್ರ್ಯಾಗ್’ ಎಂಬ ಹಡಗು ಹವಾಯಿ ದ್ವೀಪಗಳ ಹೊನೊಲುಲು ಬಂದರಿಗೆ ಬಂದು ಸೇರಿತು. ಅದು ಹೊರಟದ್ದು ಪೋರ್ತುಗಲ್ಲಿಗೆ ಸೇರಿದ ಮಡೀರಾ ದ್ವೀಪದಿಂದ. ಹಡಗಿನಲ್ಲಿದ್ದವರು ಕಬ್ಬಿನ ತೋಟದ ಕೂಲಿಗಾಗಿ ಮನೆಮಠ ಬಿಟ್ಟುಬಂದ ಬಡಜನ. ನಮ್ಮ ಭಾಗದ ಹಳ್ಳಿಗಳಿಂದ ಜನ ಬೆಂಗಳೂರಿಗೂ ಪುಣೆಗೂ ಗುಳೆ ಹೋಗುವಂತೆ ಅವರು ಸಮುದ್ರದಾಚೆಗೆ ಗುಳೆ ಹೋದರು. ಹೋಗುವಾಗ ತಮ್ಮೂರಿನ ‘ಮಶೆಟೆ’ ಎಂಬ ನಾಲ್ಕು ತಂತಿಯ ಪುಟ್ಟ ವಾದ್ಯವನ್ನು ಜೊತೆಗೆ ಒಯ್ದರು. ಅವರಲ್ಲಿ ಮೂವರು ಬಡಗಿಗಳಿದ್ದರು: ಮಾನುಎಲ್ ನುನೆಸ್, ಅಗುಸ್ತೊ ಡಿಯಾಸ್, ಜೋಸೆ ದೊ ಎಸ್ಪಿರಿತೊ ಸಾಂತೊ. ತೋಟದ ಕರಾರು ಮುಗಿದ ಮೇಲೆ ಇವರು ಪೇಟೆಯಲ್ಲಿ ಅಂಗಡಿ ಹೂಡಿ, ಅಲ್ಲಿಯೇ ಬೆಳೆಯುವ ‘ಕೋವಾ’ ಮರದಿಂದ ಈ ವಾದ್ಯವನ್ನು ಮಾಡತೊಡಗಿದರು. ಹವಾಯಿಯ ಜನ ಅದಕ್ಕೆ ತಮ್ಮ ಭಾಷೆಯಲ್ಲಿ ಉಕುಲೇಲೆ ಎಂದರು; ‘ಉಕು’ ಎಂದರೆ ಚಿಗಟ, ‘ಲೇಲೆ’ ಎಂದರೆ ಹಾರುವುದು. ನುಡಿಸುವವನ ಬೆರಳು ತಂತಿಯಿಂದ ತಂತಿಗೆ ಚಿಗಟದಂತೆ ಹಾರುವುದನ್ನು ಕಂಡು ಇಟ್ಟ ಹೆಸರು ಎಂಬುದು ಎಲ್ಲರೂ ಹೇಳುವ ಮಾತು. ಅಲ್ಲಿಯ ಅರಸು ಕಲಾಕೌವ ಈ ಕೂಲಿಕಾರರ ವಾದ್ಯವನ್ನು ಅರಮನೆಗೆ ಬರಮಾಡಿಕೊಂಡ. ಅರಸು ಮೆಚ್ಚಿದ ಮೇಲೆ ಕೇಳುವುದೇನು?

ಆದರೆ ಅರಸನ ಮೆಚ್ಚುಗೆ ಒಂದು ದ್ವೀಪಕ್ಕೆ ಸಾಲುತ್ತದೆ, ಜಗತ್ತಿಗೆ ಸಾಲದು. ಉಕುಲೇಲೆಯನ್ನು ಜಗತ್ತಿಗೆ ಪರಿಚಯಿಸಿದ್ದು ಒಂದು ಪ್ರದರ್ಶನ. ಪನಾಮಾ ಕಾಲುವೆ ತೆರೆದ ಸಂತೋಷಕ್ಕಾಗಿ 1915ರಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಭಾರಿ ಪ್ರದರ್ಶನವೊಂದು ನಡೆಯಿತು. ಹವಾಯಿಯ ಮಂಟಪದಲ್ಲಿ ಪ್ರತಿದಿನ ಉಕುಲೇಲೆಯ ಮೇಳ. ಕೇಳಿದವರೆಲ್ಲ ತಮಗೂ ಒಂದು ಬೇಕೆಂದರು. ಕೂಡಲೆ ಅಮೆರಿಕದ ದೊಡ್ಡ ಕಾರ್ಖಾನೆಗಳು ಉಕುಲೇಲೆಗಳನ್ನು ತಯಾರಿಸಿ ಮಾರತೊಡಗಿದವು. ಹವಾಯಿಯ ಕುಶಲಿಗಳು ತಮ್ಮ ವಾದ್ಯಗಳ ಮೇಲೆ ‘ಹವಾಯಿಯಲ್ಲಿ ಮಾಡಿದ್ದು’ ಎಂಬ ಮುದ್ರೆ ಒತ್ತಿಕೊಳ್ಳಬೇಕಾದ ಕಾಲ ಬಂತು. 1949ರಲ್ಲಿ ಇಟಲಿ ಮೂಲದ ಗಿಟಾರು ನಿರ್ಮಾಪಕ ಮಾರಿಯೊ ಮಕ್ಕಾಫೆರಿ ಪ್ಲಾಸ್ಟಿಕ್ ಉಕುಲೇಲೆಯನ್ನು ಹೊರತಂದ. ಅದು ಲಕ್ಷಗಟ್ಟಲೆ ಮಾರಾಟವಾಯಿತು. ‘ಪ್ಲಾಸ್ಟಿಕ್ ವಾದ್ಯ’ ಎಂದೊಡನೆ ಮೂಗು ಮುರಿಯುವ ನಮ್ಮ ಸಂಗೀತಪ್ರಿಯರು ಇದನ್ನು ನೆನಪಿಡಬೇಕು: ಆ ವಾದ್ಯ ಆಟಿಕೆಯ ಬೆಲೆಯದಾಗಿದ್ದರೂ ಶ್ರುತಿಗೆ ಸರಿಯಾಗಿ ನಿಲ್ಲುತ್ತಿತ್ತು, ಏಕೆಂದರೆ ಅದನ್ನು ರೂಪಿಸಿದವನು ವಾದ್ಯ ಬಲ್ಲವನಾಗಿದ್ದ.

ಇಂದು ಇಂತಹ ಹೊಸ ಮಾದರಿಗಳು ಮೊದಲು ಕಾಣಿಸಿಕೊಳ್ಳುವುದು ವಾದ್ಯವ್ಯಾಪಾರದ ಮೇಳಗಳಲ್ಲಿ. ಅಮೆರಿಕದ ವಾದ್ಯವರ್ತಕರು 1901ರಲ್ಲಿಯೇ ಒಂದು ಸಂಘ ಕಟ್ಟಿಕೊಂಡರು. ‘ನ್ಯಾಮ್’ ಎಂಬ ಮೊಟಕು ಹೆಸರಿನಿಂದ ಅದು ಪ್ರಸಿದ್ಧ. ಕ್ಯಾಲಿಫೋರ್ನಿಯದ ಅನಹೈಮ್ ನಗರದಲ್ಲಿ, ಸಾಮಾನ್ಯವಾಗಿ ಜನವರಿ ತಿಂಗಳಲ್ಲಿ, ಈ ಸಂಘದ ಮೇಳ ನೆರೆಯುತ್ತದೆ. ನಾನು ಅದನ್ನು ಕಂಡದ್ದು ಮೊಬೈಲಿನ ಪರದೆಯ ಮೇಲೆ ಮಾತ್ರ. ಆದರೆ ಹಲವು ವರ್ಷಗಳ ಚಿತ್ರಗಳನ್ನು ಒಂದರ ಹಿಂದೊಂದು ನೋಡಿದರೆ ಮೇಳದ ಸ್ವಭಾವ ತಕ್ಕಮಟ್ಟಿಗೆ ತಿಳಿಯುತ್ತದೆ. ಅದು ಕಚೇರಿಯಲ್ಲ, ಸಂತೆ. ಒಂದೊಂದು ಕಂಪೆನಿಗೂ ಒಂದೊಂದು ಮಳಿಗೆ, ಮಳಿಗೆಗೊಬ್ಬ ವಾದಕ, ಎಲ್ಲರೂ ಒಟ್ಟಿಗೆ ಬಾರಿಸುವುದರಿಂದ ಯಾವುದೂ ನೆಟ್ಟಗೆ ಕೇಳಿಸದು. ಮಾಡುವವರು ತಂದು ತೋರಿಸುತ್ತಾರೆ, ಅಂಗಡಿಯವರು ಕೈಯಲ್ಲಿ ಹಿಡಿದು ತೂಗಿ ನೋಡಿ ಬೇಡಿಕೆ ಬರೆಸುತ್ತಾರೆ. ನಮ್ಮಲ್ಲಿ ಜಾತ್ರೆಯ ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಮುಖದಲ್ಲಿ ಕಾಣುವ ಗಾಂಭೀರ್ಯವನ್ನೇ ನಾನು ಅಲ್ಲಿಯೂ ಕಂಡೆ.

ಆ ಸಂತೆಯಲ್ಲಿ ಉಕುಲೇಲೆಗೆ ಈಗ ದೊಡ್ಡ ಜಾಗ. ಸೊಪ್ರಾನೊ, ಕನ್ಸರ್ಟ್, ಟೆನರ್, ಬ್ಯಾರಿಟೋನ್ ಎಂಬ ನಾಲ್ಕು ಅಳತೆಗಳು—ಉದ್ದ ಸುಮಾರು 21, 23, 26, 30 ಅಂಗುಲ—ಬಹುಕಾಲದಿಂದ ನಿಂತುಬಂದವು. ಹೊಸತನವಿರುವುದು ಅಳತೆಯಲ್ಲಲ್ಲ, ಮೈಯಲ್ಲಿ. ತೆಳುಹಲಗೆಯ ವಾದ್ಯಕ್ಕೆ ಹವೆಯೇ ಮೊದಲ ಶತ್ರು. ಮರ ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ. ಒಣಹವೆಯಲ್ಲಿ ತೇವ ಬಿಟ್ಟು ಕುಗ್ಗಿ ಸೀಳುತ್ತದೆ. ಅದಕ್ಕಾಗಿ ಕೆಲವರು ಇಂಗಾಲದ ನಾರನ್ನು ಅಂಟಿನಲ್ಲಿ ಅಚ್ಚು ಹೊಯ್ದು ಇಡಿಯ ಮೈಯನ್ನು ಮಾಡುತ್ತಾರೆ. ಕೆಲವರು ಕಾಗದವನ್ನೂ ರಾಳವನ್ನೂ ಪದರ ಪದರವಾಗಿ ಒತ್ತಿದ ಹಲಗೆ ಬಳಸುತ್ತಾರೆ. ನಮ್ಮ ಹೋಟೆಲುಗಳ ಮೇಜಿನ ಮೇಲೆ ಅಂಟಿಸುವ ಹಾಳೆಯ ಜಾತಿಯದೇ ಅದು. ಇನ್ನು ಕೆಲವರು ಹಿಂಬದಿಯನ್ನು ಪ್ಲಾಸ್ಟಿಕ್ಕಿನಿಂದ ಮಾಡಿ ಮೇಲಿನ ಹಲಗೆಯನ್ನು ಮಾತ್ರ ಮರದ್ದಾಗಿ ಉಳಿಸಿಕೊಳ್ಳುತ್ತಾರೆ. ಈ ಕೊನೆಯ ಉಪಾಯದ ಹಿಂದೆ ಒಳ್ಳೆಯ ಬುದ್ಧಿಯಿದೆ. ತಂತಿವಾದ್ಯದಲ್ಲಿ ಹೆಚ್ಚಿನ ನಾದ ಹುಟ್ಟುವುದು ಮೇಲುಹಲಗೆಯ ಅದುರಿನಿಂದ. ಹಿಂಬದಿಯ ಬಟ್ಟಲು ಗಾಳಿಯನ್ನು ಹಿಡಿದಿಡುವ ಕೆಲಸ ಮಾಡುತ್ತದೆ. ಆದುದರಿಂದ ಮರವನ್ನು ಎಲ್ಲಿ ಬಿಡಬಾರದೋ ಅಲ್ಲಿ ಉಳಿಸಿ, ಎಲ್ಲಿ ಬಿಡಬಹುದೋ ಅಲ್ಲಿ ಬಿಡುವುದು. ಜಿಮ್ ಬೆಲಾಫ್ ಎಂಬುವರೂ ಅವರ ಸಂಬಂಧಿಕರಾದ ಎಂಜಿನಿಯರ್ ಡೇಲ್ ವೆಬ್ಬರೂ 1999ರಲ್ಲಿ ಹೊರತಂದ ‘ಫ್ಲೂಕ್’ ಎಂಬ ಮಾದರಿ ಈ ಬಗೆಯದು. ಅದರ ಬುಡ ಚಪ್ಪಟೆ. ನೆಲದ ಮೇಲಿಟ್ಟರೆ ತಂಬಿಗೆಯಂತೆ ತಾನೇ ನಿಲ್ಲುತ್ತದೆ.

ಬಿರಡೆಯ ಸುಧಾರಣೆ ಕಣ್ಣಿಗೆ ಅಷ್ಟಾಗಿ ಬೀಳದು, ಆದರೆ ನನ್ನ ಎಣಿಕೆಯಲ್ಲಿ ಎಲ್ಲಕ್ಕಿಂತ ಮುಖ್ಯ. ಹಳೆಯ ಉಕುಲೇಲೆಯ ಬಿರಡೆ ರಂಧ್ರದಲ್ಲಿ ಬಿಗಿದ ಬೆಣೆ ಮಾತ್ರ. ತಿಕ್ಕಾಟದ ಬಲದಿಂದ ನಿಲ್ಲುತ್ತದೆ, ಆ ಬಲ ತಪ್ಪಿದರೆ ಜಾರುತ್ತದೆ. ಕೂದಲೆಳೆಯಷ್ಟು ತಿರುವಿದರೆ ಶ್ರುತಿ ಮಾರುದೂರ ಹೋಗುತ್ತದೆ. ಈಗಿನ ಬಿರಡೆಯೊಳಗೆ ಹಲ್ಲಿನ ಚಕ್ರಗಳಿವೆ. ಹೊರಗಿನಿಂದ ನೋಡಲು ಹಳೆಯ ಬೆಣೆಯಂತೆಯೇ. ಆದರೆ ಹಿಡಿಯನ್ನು ನಾಲ್ಕು ಸುತ್ತು ತಿರುವಿದರೆ ಒಳಗಿನ ಕಡ್ಡಿ ಒಂದೇ ಸುತ್ತು ತಿರುಗುತ್ತದೆ. ಹೊಸಬನೂ ನೆಮ್ಮದಿಯಿಂದ ಶ್ರುತಿ ಮಾಡಬಹುದು.

ತಂತಿಯ ವಿಷಯದಲ್ಲಿ ಒಂದು ಶಾಸ್ತ್ರೀಯ ಸಂಗತಿಯನ್ನು ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ತಂತಿಯ ಸ್ವರ ಮೂರು ಗುಣಗಳನ್ನು ಅವಲಂಬಿಸಿದೆ: ಉದ್ದ, ಬಿಗಿ, ತೂಕ. ಉದ್ದವನ್ನು ಇಮ್ಮಡಿಸಿದರೆ ಸ್ವರ ಒಂದು ಸ್ಥಾಯಿ ಇಳಿಯುತ್ತದೆ. ಬಿಗಿಯನ್ನು ನಾಲ್ಕು ಪಟ್ಟು ಮಾಡಿದರೆ ಒಂದು ಸ್ಥಾಯಿ ಏರುತ್ತದೆ. ಮೊಳವೊಂದಕ್ಕೆ ತಂತಿಯ ತೂಕವನ್ನು ನಾಲ್ಕು ಪಟ್ಟು ಮಾಡಿದರೆ ಮತ್ತೆ ಒಂದು ಸ್ಥಾಯಿ ಇಳಿಯುತ್ತದೆ. ಉಕುಲೇಲೆಯ ತಂತಿ ಮೊದಲು ಕುರಿಯ ಕರುಳಿನದಾಗಿತ್ತು. ಎರಡನೆಯ ಮಹಾಯುದ್ಧದ ನಂತರ ನೈಲಾನ್ ಬಂತು. ಈಗ ಮೀನಿನ ಗಾಳಕ್ಕೆ ಕಟ್ಟುವ ಫ್ಲೂರೊಕಾರ್ಬನ್ ಎಳೆ ಮೆಚ್ಚಿಗೆಯಾಗಿದೆ. ಅದು ನೈಲಾನಿಗಿಂತ ಸಾಂದ್ರ, ಆದ್ದರಿಂದ ಅದೇ ಸ್ವರಕ್ಕೆ ಇನ್ನೂ ಸಣ್ಣ ಎಳೆ ಸಾಕು. ತೇವಕ್ಕೂ ಅಷ್ಟಾಗಿ ಸೋಲದು. ಇದೇ ನಿಯಮವನ್ನು ಎದುರು ದಿಕ್ಕಿಗೆ ಎಳೆದು ‘ಬಾಸ್ ಉಕುಲೇಲೆ’ ಮಾಡಿದ್ದಾರೆ. ಆಳೆತ್ತರದ ಬಾಸ್ ಪಿಟೀಲಿನ ಮಂದ್ರಸ್ವರ ಮೊಳದುದ್ದದ ವಾದ್ಯದಿಂದ ಬರಬೇಕಾದರೆ ತಂತಿ ದಪ್ಪವಾಗಿಯೂ ಸಡಿಲವಾಗಿಯೂ ಇರಬೇಕಷ್ಟೆ; ಅದಕ್ಕೆ ರಬ್ಬರಿನಂತಹ ಕೊಬ್ಬಿದ ತಂತಿಗಳನ್ನು ಹಾಕುತ್ತಾರೆ. ಬರಿಗಿವಿಗೆ ಅದರ ದನಿ ಕ್ಷೀಣ. ಕುದುರೆಯ ಕೆಳಗಿಟ್ಟ ವಿದ್ಯುತ್ ಸಾಧನ ಅದನ್ನು ಹಿಡಿದು ಧ್ವನಿವರ್ಧಕಕ್ಕೆ ಕೊಡುತ್ತದೆ. ಮೆಟ್ಟುಗಳ ನಡುವೆ ಸಣ್ಣ ದೀಪಗಳನ್ನು ಕೂಡಿಸಿ, ಎಲ್ಲಿ ಬೆರಳಿಡಬೇಕೆಂದು ಬೆಳಗಿ ತೋರಿಸುವ ಉಕುಲೇಲೆಯೂ ಬಂದಿದೆ. ಅದರ ವಿಚಾರದಲ್ಲಿ ನನಗೆ ಉತ್ಸಾಹವಿಲ್ಲ. ಕಿವಿಯಿಂದ ಕಲಿಯಬೇಕಾದದ್ದನ್ನು ಕಣ್ಣಿನಿಂದ ಕಲಿತವನು ದೀಪ ಆರಿದ ಮೇಲೆ ಏನು ಮಾಡುವನು?

ಹೊರಗಿನ ವಾದ್ಯವನ್ನು ಕೈಗೆ ತಕ್ಕಂತೆ ತಿದ್ದಿಕೊಳ್ಳುವುದು ನಮ್ಮವರಿಗೆ ತಿಳಿಯದ ವಿದ್ಯೆಯಲ್ಲ. ಯುರೋಪಿನಿಂದ ಬಂದ ಹಾರ್ಮೋನಿಯಂ ಕುರ್ಚಿಯ ಮೇಲೆ ಕುಳಿತು ಕಾಲಿನಿಂದ ತಿದಿಯೊತ್ತುವ ವಾದ್ಯವಾಗಿತ್ತು. ನೆಲದ ಮೇಲೆ ಕುಳಿತು ಹಾಡುವ ನಮಗೆ ಅದು ಒಗ್ಗದೆ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರು ಕಾಲುಗಳನ್ನು ತೆಗೆದು, ತಿದಿಯನ್ನು ಹಿಂಬದಿಗೆ ತಂದು, ಒಂದು ಕೈಯಿಂದ ಒತ್ತುವ ಪೆಟ್ಟಿಗೆಯನ್ನು ಮಾಡಿದರು. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಮ್ಮಿಗೆ ಬಾಗಿಲು ಮುಚ್ಚಿತ್ತು. ಆದರೂ ನಮ್ಮ ಭಜನೆಯ ಗುಡಿಗಳಲ್ಲಿ ಅದರ ಆಳ್ವಿಕೆಗೆ ಭಂಗ ಬರಲಿಲ್ಲ. ಜಪಾನಿನಲ್ಲಿ 1912ರಲ್ಲಿ ಹುಟ್ಟಿದ ಗುಂಡಿಯೊತ್ತುವ ತಂತಿವಾದ್ಯವೇ ನಮ್ಮಲ್ಲಿ ಬುಲ್‌ಬುಲ್ ತರಂಗವಾಗಿದೆ ಎಂಬುದು ಅದನ್ನು ಬಾರಿಸುವವರಲ್ಲಿ ಎಷ್ಟು ಮಂದಿಗೆ ಗೊತ್ತು?

ಇನ್ನು ತಂಬೂರಿ. ಉತ್ತರ ಕರ್ನಾಟಕದ ಗಾಯಕರ ಹಿಂದೆ ನಿಲ್ಲುವ ತಂಬೂರಿಗಳಲ್ಲಿ ಬಹುಪಾಲು ಮಿರಜಿನವು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಕತ್ತಿ ಗುರಾಣಿಗಳ ಕೆಲಸ ಮಾಡುತ್ತಿದ್ದ ಶಿಕಲಗಾರರ ಮನೆತನ, ಆಯುಧಗಳ ಕಾಲ ಮುಗಿಯಲು ವಾದ್ಯಗಳ ಕಡೆಗೆ ತಿರುಗಿತು. ಫರೀದ್ ಸಾಹೇಬರ ಹೆಸರನ್ನು ಇಂದಿಗೂ ಅಲ್ಲಿ ಗೌರವದಿಂದ ಹೇಳುತ್ತಾರೆ. ಕುಂದಗೋಳದ ಸವಾಯಿ ಗಂಧರ್ವರ ಗುರುಗಳಾದ ಅಬ್ದುಲ್ ಕರೀಂ ಖಾನರು ನೆಲೆಸಿದ್ದೂ ಮಿರಜಿನಲ್ಲಿಯೇ. 2024ರಲ್ಲಿ ಮಿರಜಿನ ಸಿತಾರಿಗೂ ತಂಬೂರಿಗೂ ಭೌಗೋಳಿಕ ಗುರುತಿನ ಮುದ್ರೆ ದೊರೆಯಿತು. ಹವಾಯಿಯವರು ಹಿಂದೆ ಒತ್ತಿಕೊಂಡಂತಹದೇ ಮುದ್ರೆ. ಆ ತಂಬೂರಿಗೆ ಬೇಕಾದ ದೊಡ್ಡ ಸೋರೆಬುರುಡೆ ಬೆಳೆಯುವುದು ಪಂಢರಪುರದ ಸುತ್ತಿನಲ್ಲಿ, ಭೀಮಾ ನದಿಯ ಬದಿಯ ಹೊಲಗಳಲ್ಲಿ. ಆ ಭೀಮೆಯೇ ಮುಂದೆ ಹರಿದುಬಂದು ನಮ್ಮ ಯಾದಗಿರಿಯನ್ನು ತಾಗಿ ಕೃಷ್ಣೆಯನ್ನು ಸೇರುತ್ತಾಳೆ.

ತಂಬೂರಿಯ ಪ್ರಾಣವಿರುವುದು ಕುದುರೆಯಲ್ಲಿ. ಅದರ ಮೇಲ್ಮೈ ಚೂಪಲ್ಲ, ತುಸು ಬಾಗಿದ ಹಲಗೆ. ಮೀಟಿದ ತಂತಿ ಆ ಬಾಗಿನ ಮೇಲೆ ಮತ್ತೆ ಮತ್ತೆ ಸವರುತ್ತದೆ. ತಂತಿಗೂ ಕುದುರೆಗೂ ನಡುವೆ ಸಿಕ್ಕಿಸುವ ನೂಲಿನೆಳೆ ಆ ಸವರುವಿಕೆಯನ್ನು ಹದಕ್ಕೆ ತರುತ್ತದೆ. ಇದಕ್ಕೆ ಜವಾರಿ ಎಂದು ಹೆಸರು. ನಮ್ಮ ಕಡೆ ಜವಾರಿ ಎಂದರೆ ನಾಟಿ ತಳಿ, ಜವಾರಿ ಜೋಳ, ಜವಾರಿ ಬದನೆ. ಎರಡು ಪದಗಳಿಗೆ ನಂಟಿರಲಿ ಬಿಡಲಿ, ‘ಜವಾರಿ ಇಲ್ಲದ ತಂಬೂರಿ’ ಎಂದರೆ ಅರ್ಥ ಎರಡೂ ಕಡೆಯಿಂದ ಕೂಡಿಬರುತ್ತದೆ. ಸಾಮಾನ್ಯ ತಂತಿಯನ್ನು ನಟ್ಟನಡುವೆ ಮೀಟಿದರೆ ಅಲ್ಲಿ ನಿಶ್ಚಲಬಿಂದುವಿರುವ ಉಪಸ್ವರಗಳು ಹುಟ್ಟಬಾರದು; ಇದು ಭೌತಶಾಸ್ತ್ರದ ನಿಯಮ. ತಂಬೂರಿಯಲ್ಲಿಯೂ ವೀಣೆಯಲ್ಲಿಯೂ ಅವು ಹುಟ್ಟುತ್ತವೆಂದು ತೋರಿಸಿ, ಕುದುರೆಯ ಬಾಗೇ ಅದಕ್ಕೆ ಕಾರಣವೆಂದು ಸಿ. ವಿ. ರಾಮನ್ ಅವರು 1921ರಲ್ಲಿ ಬರೆದರು. ಹೆಸರಿಲ್ಲದ ಕುಶಲಿಗಳು ಅರ ಹಿಡಿದು ಕಿವಿಯಿಂದ ಅಳೆದು ಸಾಧಿಸಿದ್ದಕ್ಕೆ ವಿಜ್ಞಾನ ಅನಂತರ ಬಂದು ಸಹಿ ಹಾಕಿತು.

ಇಂತಹ ತಂಬೂರಿಯನ್ನು ಬಸ್ಸಿನಲ್ಲಿ ಒಯ್ಯುವುದು ಹಸುಗೂಸನ್ನು ಜಾತ್ರೆಯಲ್ಲಿ ಹೊತ್ತಂತೆ. ಅದಕ್ಕೆಂದೇ 1979ರಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಂಬ ಎಂಜಿನಿಯರು, ತಾವೇ ಕೊಳಲು ನುಡಿಸುವವರು, ವಿದ್ಯುತ್ ತಂಬೂರಿಯನ್ನು ರೂಪಿಸಿ ‘ರಾಡೆಲ್’ ಎಂಬ ಸಂಸ್ಥೆ ಕಟ್ಟಿದರು. ಅನಂತರ ಪೆಟ್ಟಿಗೆ ಸಣ್ಣದಾಯಿತು. ಅಸಲು ತಂಬೂರಿಯ ದನಿಯನ್ನೇ ಹಿಡಿದಿಟ್ಟು ಮರಳಿ ಹೊಮ್ಮಿಸುವ ಬಗೆ ಬಂತು. ಈಗ ಅದು ಮೊಬೈಲಿನೊಳಗೆ ಹೊಕ್ಕಿದೆ. ಒಂಟಿಯಾಗಿ ಅಭ್ಯಾಸ ಮಾಡುವವನಿಗೆ, ತಂಬೂರಿ ಕೊಳ್ಳಲಾರದವನಿಗೆ ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ.

ಅಲ್ಲಿಂದಲೇ ಒಂದು ತಪ್ಪು ತೀರ್ಮಾನ ಹುಟ್ಟಿಕೊಂಡಿದೆ. ‘ಶ್ರುತಿಪೆಟ್ಟಿಗೆ ಇರುವಾಗ ಏಕತಾರಿ ಏಕೆ?’ ಎಂದು ನಮ್ಮ ಹಳ್ಳಿಯ ಭಜನಾಮಂಡಳಿಗಳಲ್ಲಿಯೂ ಕೇಳತೊಡಗಿದ್ದಾರೆ. ಎರಡಕ್ಕೂ ಶ್ರುತಿ ಹಿಡಿಯುವುದೇ ಕೆಲಸವೆಂದು ಈ ಪ್ರಶ್ನೆ ಭಾವಿಸುತ್ತದೆ. ತಂಬೂರಿಯ ಮಟ್ಟಿಗೆ ಅದು ನಿಜ. ತಂಬೂರಿಗೆ ತಾಳವಿಲ್ಲ, ಅದರ ನಾದ ಹೊಳೆಯಂತೆ ಹರಿಯುತ್ತಿರಬೇಕು. ಏಕತಾರಿ ಹಾಗಲ್ಲ. ತತ್ತ್ವಪದ ಹಾಡುವವನು ಅದನ್ನು ಹೆಗಲಿಗೊರಗಿಸಿ, ಹಿಡಿದ ಕೈಯ ತೋರುಬೆರಳಿನಿಂದಲೇ ಮೀಟುತ್ತಾನೆ. ಇನ್ನೊಂದು ಕೈಯಲ್ಲಿ ಚಿಟಿಕೆಯೋ ದಮ್ಮಡಿಯೋ ಇರುತ್ತದೆ. ಮೀಟು ತಾಳದ ಮೇಲೆಯೇ ಬೀಳುತ್ತದೆ. ಪದದ ನಡೆ ಬಿರುಸಾದರೆ ಬೆರಳೂ ಬಿರುಸಾಗುತ್ತದೆ. ಸಾಲು ಮುಗಿದು ಉಸಿರೆಳೆಯುವಾಗ ತಂತಿ ಒಂಟಿಯಾಗಿ ಎರಡು ಮಾತು ಆಡಿ ಮುಂದಿನ ಸಾಲನ್ನು ಕರೆಯುತ್ತದೆ. ಅದು ಶ್ರುತಿಯೂ ಹೌದು, ತಾಳವೂ ಹೌದು, ಜೊತೆಗಾರನೂ ಹೌದು. ಪೆಟ್ಟಿಗೆ ತಂಬೂರಿಯ ಸ್ಥಾನದಲ್ಲಿ ಕುಳಿತೀತು, ಏಕತಾರಿಯ ಸ್ಥಾನದಲ್ಲಿ ಅದಕ್ಕೆ ಕೆಲಸವೇ ಇಲ್ಲ. ಕೆಲಸದಿಂದ ನೋಡಿದರೆ ಏಕತಾರಿಯ ಒಡಹುಟ್ಟು ತಂಬೂರಿಯಲ್ಲ, ಉಕುಲೇಲೆ. ಎರಡೂ ಕೈಯಲ್ಲಿ ಹಿಡಿದು ನಡೆಯುತ್ತ ನುಡಿಸುವಂತಹವು. ಎರಡರಲ್ಲಿಯೂ ಬೆರಳೇ ತಾಳ. ಎರಡೂ ದುಡಿಯುವ ಜನರ ವಾದ್ಯಗಳು.

ನಮ್ಮ ಸೀಮೆಗೆ ಏಕತಾರಿ ಬರಿಯ ವಾದ್ಯವಲ್ಲವೆಂಬುದನ್ನು ಹೊರಗಿನ ವಾಚಕರಿಗಾಗಿ ಹೇಳಬೇಕು. ಕೊಡೇಕಲ್ ಎಂದರೆ ಹದಿನಾರನೆಯ ಶತಮಾನದ ಕೊಡೇಕಲ್ ಬಸವಣ್ಣನ ನೆಲೆ. ಅವನ ಕಾಲಜ್ಞಾನ ಕನ್ನಡನಾಡಿನಲ್ಲಿ ಪ್ರಸಿದ್ಧ. ಸಮೀಪದ ತಿಂಥಣಿಯಲ್ಲಿ ಮೌನೇಶ್ವರನಿದ್ದಾನೆ. ಹಿಂದೂ ಮುಸಲ್ಮಾನರಿಬ್ಬರೂ ಅಲ್ಲಿಗೆ ನಡೆದುಕೊಳ್ಳುತ್ತಾರೆ. ತುಸು ಆಚೆಗೆ ಕಡಕೋಳದ ಮಡಿವಾಳಪ್ಪನವರ ತತ್ತ್ವಪದಗಳ ನಾಡು. ದೂರದ ಮಂಡ್ಯ, ಚಾಮರಾಜನಗರಗಳ ಕಡೆಯ ಮಂಟೇಸ್ವಾಮಿ ಪರಂಪರೆಗೂ ಕೊಡೇಕಲ್ಲಿಗೂ ನಂಟಿದೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಆ ಪರಂಪರೆಯ ನೀಲಗಾರರೂ ಕೈಯಲ್ಲಿ ತಂಬೂರಿ ಹಿಡಿದೇ ರಾತ್ರಿಯಿಡೀ ಕಥೆ ಹಾಡುತ್ತಾರೆ. ಈ ಪದಗಳನ್ನು ಉಳಿಸಿದ್ದು ಪುಸ್ತಕಕ್ಕಿಂತ ಹೆಚ್ಚಾಗಿ ತಂತಿ. ಅಕ್ಷರ ಬಾರದ ಹಾಡುಗಾರರಿಗೆ ಮುಂದಿನ ಸಾಲು ನೆನಪಿಗೆ ಬರುವುದು ಬೆರಳಿನ ನಡೆಯಿಂದ. ಏಕತಾರಿ ಕೆಳಗಿಟ್ಟು ಪದ ಹೇಳೆಂದರೆ ನಡುವೆ ತಡವರಿಸುವ ಹಿರಿಯರನ್ನು ನಾನೇ ಕಂಡಿದ್ದೇನೆ.

ಕಳೆದ ದೀಪಾವಳಿಯ ರಜೆಯಲ್ಲಿ ಸಹಪಾಠಿಯೊಬ್ಬನ ಉಕುಲೇಲೆಯನ್ನು ಕೇಳಿ ಪಡೆದು ಊರಿಗೆ ಒಯ್ದಿದ್ದೆ. ನಮ್ಮ ಓಣಿಯ ಹಿರಿಯ ಭಜನೆಗಾರರ ಕೈಗೆ ಕೊಟ್ಟು, “ಮುತ್ಯಾ, ಇದು ಹ್ಯಾಂಗ ಅನಿಸತೈತಿ?” ಎಂದು ಕೇಳಿದೆ. ಅವರು ಅದನ್ನು ಅಡ್ಡ ಹಿಡಿಯಲಿಲ್ಲ. ಏಕತಾರಿಯಂತೆ ಹೆಗಲಿಗೆ ನೆಟ್ಟಗೆ ಆನಿಸಿ ಒಂದೇ ತಂತಿಯನ್ನು ಮೀಟಿ ಕಿವಿಗೊಟ್ಟರು. “ಹಗರ ಐತಿ, ಕೂಸಿನ ಹಂಗ. ಆದ್ರ ಇದಕ್ಕ ನಾಕು ಬಾಯಿ ಅದಾವಲ್ಲೋ ತಮ್ಮಾ, ಯಾವ ಬಾಯಿಗಿ ನಾ ಹೂಂ ಅನ್ಲಿ?” ಎಂದರು. ಆಮೇಲೆ ಬಿರಡೆಯನ್ನು ತಿರುವಿ, ಬಿಟ್ಟು, ಮತ್ತೆ ತಿರುವಿ, “ಈ ಕಿವಿ ಚಲೋ ಐತಿ ನೋಡು, ಜಾರಂಗಿಲ್ಲ. ಇಂಥಾದು ನಮ್ಮದಕ್ಕ ಹಚ್ಚಾಕ ಬರತೈತೇನು?” ಎಂದು ಕೇಳಿದರು. ಮೇಳದ ಚಿತ್ರಗಳಲ್ಲಿ ಕಂಡ ಅಂಗಡಿಯವರು ಕೇಳುವ ಪ್ರಶ್ನೆಯೂ ಇದೇ ತೆರನಾದದ್ದು. ಆದರೆ ಅಲ್ಲಿ ಉತ್ತರ ಕೊಡುವ ಕುಶಲಿ ಎದುರಿಗೆ ನಿಂತಿರುತ್ತಾನೆ. ನಮ್ಮಲ್ಲಿ ಹಲಗೆಗೂ ಏಕತಾರಿಗೂ ಚರ್ಮ ಕೂಡಿಸುತ್ತಿದ್ದವರು ತೀರಿಕೊಂಡು ವರ್ಷಗಳಾದವು. ಅವರ ಮಕ್ಕಳು ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕಿದ್ದಾರೆ.

ಏಕತಾರಿಯ ಕಷ್ಟಗಳೂ ಉಕುಲೇಲೆಯ ಕಷ್ಟಗಳೂ ಒಂದೇ ಎಂಬುದು ಆ ದಿನ ನನಗೆ ಸ್ಪಷ್ಟವಾಯಿತು. ಬುರುಡೆಯ ಬಾಯಿಗೆ ಬಿಗಿದ ಆಡಿನ ಚರ್ಮ ಮಳೆಗಾಲದಲ್ಲಿ ತೇವ ಕುಡಿದು ಸಡಿಲುತ್ತದೆ. ಅದರ ಮೇಲೆ ನಿಂತ ಕುದುರೆ ಒಳಕ್ಕೆ ಕುಸಿಯುತ್ತದೆ. ಕುದುರೆ ಕುಸಿದರೆ ತಂತಿಯ ಬಿಗಿ ತಗ್ಗಿ ಶ್ರುತಿ ಇಳಿಯುತ್ತದೆ. ಬೆಂಕಿಗೆ ಹಿಡಿದು ಕಾಯಿಸಿದರೆ ಅರ್ಧ ಗಂಟೆಯ ಮಟ್ಟಿಗೆ ಏರುತ್ತದೆ. ಬೇಸಗೆಯಲ್ಲಿ ಅದೇ ಚರ್ಮ ಒಣಗಿ ಹರಿಯುತ್ತದೆ. ಬೆಂಗಳೂರಿನ ಡಾ. ಕೆ. ವರದರಂಗನ್ ಅವರು ಮೃದಂಗಕ್ಕೂ ತಬಲಕ್ಕೂ ಚರ್ಮದ ಬದಲು ಕೃತಕ ಹೊದಿಕೆಯನ್ನು ಸಿದ್ಧಪಡಿಸಿದ್ದಾರೆ. ಮೃದಂಗದ ಸೂಕ್ಷ್ಮನಾದಕ್ಕೆ ಒಗ್ಗಿಸಬಹುದಾದದ್ದು ಏಕತಾರಿಗೆ ಒಗ್ಗಲಾರದೆ? ಪ್ಲಾಸ್ಟಿಕ್ ಹಾಳೆ ತಂತಿಯ ದನಿಯನ್ನು ತುಸು ಗಡಸು ಮಾಡೀತು. ಕುದುರೆಯ ಮೇಲೆ ನೂಲು ಸಿಕ್ಕಿಸಿ ಅದನ್ನು ಮಿದುಗೊಳಿಸಬಹುದೆಂದು ನನ್ನ ಊಹೆ.

ಜಾತ್ರೆಯ ವೇದಿಕೆಯ ಮೇಲೆ ಇನ್ನೊಂದು ಕಷ್ಟ. ಹಾರ್ಮೋನಿಯಂ, ಡೋಲಕ್, ಅವುಗಳೆದುರಿಗೆ ಮೈಕು. ಈ ಗದ್ದಲದಲ್ಲಿ ಏಕತಾರಿ ಕೇಳಿಸುವುದೇ ಇಲ್ಲ. ಹಾಡುವವನು ಅದನ್ನು ಒಡವೆಯಂತೆ ಹಿಡಿದಿರುತ್ತಾನೆ. ಕೇಳಿಸದ ವಾದ್ಯವನ್ನು ಹೊಸಬರು ಏಕೆ ಕಲಿಯಬೇಕು? ಬಾಸ್ ಉಕುಲೇಲೆಯ ಕುದುರೆಯ ಕೆಳಗಿಡುವ ವಿದ್ಯುತ್ ಸಾಧನದ ಅತಿ ಸರಳ ರೂಪ, ಹಿತ್ತಾಳೆಯ ಬಿಲ್ಲೆಯಂತಹದು, ರೇಡಿಯೋ ರಿಪೇರಿಯ ಸಾಮಾನಿನ ಅಂಗಡಿಗಳಲ್ಲಿ ಕೆಲವೇ ರೂಪಾಯಿಗೆ ದೊರೆಯುತ್ತದೆ. ಅದನ್ನು ಚರ್ಮದ ಒಳಮೈಗೆ ಅಂಟಿಸಿದರೆ ತಂತಿಯ ಅದುರು ಧ್ವನಿವರ್ಧಕಕ್ಕೆ ಹೋಗುತ್ತದೆ. ಇದರಿಂದ ವಾದ್ಯದ ಮೈ ಕೆಡುವುದಿಲ್ಲ, ತೂಕ ಹೆಚ್ಚುವುದಿಲ್ಲ.

ಹಾಗೆಂದು ಎಲ್ಲವನ್ನೂ ಬದಲಿಸಬಹುದೆಂದು ನಾನು ಹೇಳುತ್ತಿಲ್ಲ. ಎರಡನೆಯ ತಂತಿ ಬೇಡ. ಭಾರ ಬೇಡ, ಒಂದು ಕೈಯಲ್ಲಿ ಹಿಡಿದು ಅದೇ ಕೈಯಿಂದ ಮೀಟಲಾಗದಿದ್ದರೆ ಅದು ಏಕತಾರಿಯೇ ಅಲ್ಲ. ಇಂಗಾಲದ ನಾರಿನ ಬುರುಡೆಯೂ ಬೇಡವೆಂದೇ ನನ್ನ ಮತ. ಹಿತ್ತಲಿನ ಬಳ್ಳಿಯಲ್ಲಿ ಬಿಡುವುದನ್ನು ಕಾರ್ಖಾನೆಯಿಂದ ತರಿಸುವುದು ಯಾವ ಜಾಣತನ? ಉಕುಲೇಲೆಯವರು ಹವೆಗೆ ಅಂಜಿ ಮರ ಬಿಟ್ಟರು. ಒಣಗಿದ ಸೋರೆಬುರುಡೆ ನಮ್ಮ ಹವೆಗೆ ಅಂಜುವಂತಹದಲ್ಲ.

ಬಿರಡೆಯ ಪ್ರಯೋಗವೊಂದನ್ನು ಮಾತ್ರ ನಾವು ಮಾಡಿನೋಡಿದ್ದೇವೆ. ಕಲಬುರಗಿಯ ವಾದ್ಯದ ಅಂಗಡಿಯಿಂದ ಗಿಟಾರಿನ ಹಲ್ಲುಚಕ್ರದ ಬಿರಡೆಯೊಂದನ್ನು ತಂದು, ಊರಿನ ಬಡಗಿಯವರಿಂದ ಮುತ್ಯಾ ಅವರ ಏಕತಾರಿಗೆ ಕೂಡಿಸಿದೆವು. ಬಿದಿರಿನ ದಂಡಿ ಪೊಳ್ಳಾದ್ದರಿಂದ ತಿರುಪು ಮೊಳೆ ಹಿಡಿಯಲಿಲ್ಲ. ಬಡಗಿಯವರು ದಂಡಿಯ ತುದಿಗೆ ಒಂದು ಗೇಣು ಸಾಗವಾನಿಯ ಗೂಟವನ್ನು ಒಳಗಿನಿಂದ ಬಡಿದು, ಬಿದಿರು ಸೀಳದಂತೆ ಹೊರಗೆ ನೂಲು ಸುತ್ತಿ ಅಂಟು ಹಚ್ಚಿದರು. ಈಗ ಶ್ರುತಿ ಸಂಜೆಯಿಂದ ಬೆಳಗಿನವರೆಗೆ ನಿಲ್ಲುತ್ತದೆ. ತಂತಿಯನ್ನೂ ಬದಲಿಸಿದೆವು: ವಯಸ್ಸಾದಂತೆ ಅವರ ಕಂಠ ಇಳಿದಿರುವುದರಿಂದ, ಅದೇ ಬಿಗಿಯಲ್ಲಿ ತಗ್ಗಿನ ಷಡ್ಜ ಕೊಡುವಂತೆ ಒಂದು ಅಂಶ ದಪ್ಪನೆಯ ಉಕ್ಕಿನ ತಂತಿ. ಓಣಿಯ ಇನ್ನಿಬ್ಬರು ತಮ್ಮ ಏಕತಾರಿಗಳನ್ನು ಅಟ್ಟದಿಂದ ಇಳಿಸಿ ಬಡಗಿಯವರ ಮನೆಯಲ್ಲಿ ಇಟ್ಟುಹೋಗಿದ್ದಾರೆ. ಬಿರಡೆಗಳನ್ನು ತರಿಸಿದ್ದಾಗಿದೆ. ಕೃತಕ ಹೊದಿಕೆಗೆ ಡೋಲಕ್ಕಿನ ಹಾಳೆಯಾದೀತೋ, ಹಲಗೆಯ ಹಾಳೆಯಾದೀತೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಮಳೆಗಾಲಕ್ಕೆ ಮುಂಚೆ ಎರಡನ್ನೂ ಬಿಗಿದು ನೋಡಬೇಕಾಗಿದೆ.